ಸೇವಾ ಶಿಬಿರದಲ್ಲಿ ಮೇಷ್ಟ್ರಿಗೇನು ಕೆಲಸ?

ವಿದ್ಯಾರ್ಥಿಗಳ ಜತೆ ಸೇವಾ ಶಿಬಿರಕ್ಕೆ ಹೋಗುವ ಅಧ್ಯಾಪಕರಲ್ಲಿ ಕೆಲವರು ಹಾಜರಿ ಪುಸ್ತಕ ಹಿಡಿದು ಕಾವಲು ಕಾಯುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ತಾವೇ ಮಾಡಿ ಮುಗಿಸುತ್ತಾರೆ. ಹೊಗಳಿಕೆ ಸಿಗುವುದು ಈ ಎರಡನೆಯವರಿಗೆ. ನನ್ನ ತಕರಾರು ಇರುವುದೂ ಅವರ ಬಗ್ಗೆಯೇ.

ಒಂದು ತಂಡ ಕುಡಿಯುವ ನೀರಿನ ಸಮೀಕ್ಷೆಗೆ ಹೊರಟಿದೆ ಎನ್ನಿ. ತಂಡದ ನಾಯಕಿ ಗೊತ್ತುಮಾಡಿದ ಸಮಯ ಬೆಳಿಗ್ಗೆ ಹನ್ನೊಂದು. ಆ ಹೊತ್ತಿಗೆ ದುಡಿಯುವವರು ಮನೆಯಲ್ಲಿರುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತು. ಆದರೂ ಹೇಳಬಾರದು. ಒಂದು ದಿನ ಬೀಗ ಹಾಕಿದ ಬಾಗಿಲುಗಳನ್ನು ನೋಡಿ ಬರಲಿ. ಸಂಜೆ ಎಲ್ಲರೂ ಕೂತಾಗ, "ಇವತ್ತು ಯಾರ ಮಾತು ನಮ್ಮ ಹಾಳೆಯಲ್ಲಿಲ್ಲ?" ಎಂದು ಕೇಳಿದರೆ ಸಾಕು, ಮರುದಿನದ ವೇಳಾಪಟ್ಟಿಯನ್ನು ಅವರೇ ಬದಲಿಸುತ್ತಾರೆ.

ಹಾಗೆಂದು ಸದಾ ಬಾಯಿ ಮುಚ್ಚಿಕೊಂಡಿರಲಾಗದು. ತಪ್ಪಿನಿಂದ ವಿದ್ಯಾರ್ಥಿಗಳ ಒಂದು ದಿನ ಹಾಳಾದರೆ ಆಗಲಿ. ಸ್ಥಳೀಯರಿಗೆ ತೊಂದರೆಯಾಗುವಂತಿದ್ದರೆ ತಡೆಯಲೇಬೇಕು. ಉತ್ಸಾಹದಲ್ಲಿ "ಮುಂದಿನ ತಿಂಗಳು ನಲ್ಲಿ ಹಾಕಿಸುತ್ತೇವೆ" ಎಂದು ಮಾತು ಕೊಡುವುದು, ಕೇಳದೆ ಮಕ್ಕಳ ಫೋಟೊ ತೆಗೆದು ಜಾಲತಾಣಕ್ಕೆ ಹಾಕುವುದು, ಇಲ್ಲೆಲ್ಲ ಕಲಿಕೆಯ ನೆಪ ನಡೆಯದು.

1984ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ ವಿವರಿಸಿದ ಕಲಿಕೆಯ ಚಕ್ರದಲ್ಲಿ ಅನುಭವ ನಾಲ್ಕರಲ್ಲಿ ಒಂದು ಹಂತ ಅಷ್ಟೇ. ಆದದ್ದನ್ನು ಮರಳಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಅದನ್ನು ಮತ್ತೆ ಪ್ರಯೋಗಿಸಿ ನೋಡುವುದು ಉಳಿದ ಮೂರು. ನಮ್ಮ ಬಹುಪಾಲು ಶಿಬಿರಗಳು ಮೊದಲನೆಯದು ಮುಗಿಯುತ್ತಲೇ ಗುಂಪು ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿಬಿಡುತ್ತವೆ.

ವಿದ್ಯಾರ್ಥಿಗಳ ದಿನಚರಿ ಓದುವುದು ಇದಕ್ಕಾಗಿಯೇ. "ಜನ ತುಂಬಾ ಒಳ್ಳೆಯವರು, ಬಹಳ ಕಲಿತೆವು" ಎಂಬ ಸಾಲು ಪ್ರತಿ ಪುಸ್ತಕದಲ್ಲೂ ಇರುತ್ತದೆ. ಪಕ್ಕದಲ್ಲಿ ಟಿಕ್ ಹಾಕಿದರೆ ಮಾತು ಅಲ್ಲಿಗೆ ಮುಗಿಯಿತು. "ನಿಮ್ಮ ಮೇಲೆ ಸಿಟ್ಟಾದವರು ಯಾರು, ಯಾಕೆ?" ಎಂದು ಬರೆದರೆ ಮುಂದಿನ ಪುಟದಲ್ಲಿ ವಿಷಯ ಹೊರಬೀಳುತ್ತದೆ. ಅಧ್ಯಾಪಕರ ಓದು ಕೆಲಸಕ್ಕೆ ಬರುವುದೂ ಇಲ್ಲೇ: ನೀರಿನ ಸಾಲಿನಲ್ಲಿ ಕಳೆದ ಗಂಟೆಗಳಿಗೆ ತಪ್ಪಿದ ಕೂಲಿ ಎಷ್ಟು ಎಂದು ಅರ್ಥಶಾಸ್ತ್ರದವರು ಲೆಕ್ಕ ಹಾಕಿಸಬಹುದು, ಅದೇ ನೀರಿನ ಮಾದರಿಯನ್ನು ರಸಾಯನಶಾಸ್ತ್ರದವರು ಪ್ರಯೋಗಾಲಯಕ್ಕೆ ತರಿಸಬಹುದು.

ಇದಕ್ಕೆಲ್ಲ ಸಮಯ ಬೇಕು. ವಿದ್ವತ್ತೆಂದರೆ ಸಂಶೋಧನೆಯೊಂದೇ ಅಲ್ಲ, ಬೋಧನೆಯೂ ಜ್ಞಾನದ ಅನ್ವಯವೂ ಅದರಲ್ಲಿ ಸೇರಬೇಕು ಎಂದು ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲೇ ವಾದಿಸಿದ್ದರು. ಬಡ್ತಿಯ ಹೊತ್ತಿಗೆ ಅದು ಯಾರಿಗೂ ನೆನಪಾಗುವುದಿಲ್ಲ. ಹಾಗಾಗಿ ಈ ಹೊಣೆ ಬೇಡವೆನ್ನಲಾಗದ ಹೊಸಬರ ತಲೆಗೆ ಬೀಳುತ್ತದೆ. ಪ್ರಾಂಶುಪಾಲರು ಕನಿಷ್ಠ ಸಂಜೆಯ ಚರ್ಚೆಯನ್ನೂ ದಿನಚರಿ ಓದುವ ಹೊತ್ತನ್ನೂ ಅವರ ಕಾರ್ಯಭಾರದಲ್ಲಿ ಸೇರಿಸಲಿ.