ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?

ಯಕ್ಷಗಾನದ ಹಿರಿಯ ಭಾಗವತರೊಬ್ಬರ, ಅಂದರೆ ಪದ ಹಾಡಿ ಪ್ರದರ್ಶನ ನಡೆಸುವವರ, ಸಂದರ್ಶನ ಓದಿ ನೋಡಿ. ಗುರುಗಳು ಯಾರು, ಯಾವ ಮೇಳ (ತಂಡ), ಇಷ್ಟದ ಪ್ರಸಂಗ ಯಾವುದು ಎಂಬ ಪ್ರಶ್ನೆಗಳೆಲ್ಲ ಇರುತ್ತವೆ. "ನೀವು ತಿರುಗಾಟಕ್ಕೆ ಹೋದಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?" ಎಂದು ಯಾರೂ ಕೇಳುವುದಿಲ್ಲ. ಭಾಗವತರು ಹೆಂಗಸಾದರೆ ಮಾತ್ರ ಈ ಪ್ರಶ್ನೆ ತಪ್ಪುವುದೇ ಇಲ್ಲ.

ಹಾಗಂತ ತುಳುನಾಡಿನ ಹೆಂಗಸರು ಕಲೆಯಿಂದ ದೂರ ಇದ್ದವರೇನಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಹೇಳುತ್ತಿದ್ದವರು ಅವರೇ. ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಸೊಲ್ಲು ಎತ್ತುತ್ತಾರೆ. ಗಂಟೆಗಟ್ಟಲೆ ಸಾಗುವ ಕಥೆ, ಎಲ್ಲವೂ ಬಾಯಿಪಾಠ. ರಾಮಕ್ಕ ಮುಗ್ಗೇರ್ತಿ ಕಟ್ಟಿ ಹೇಳಿದ ಸಿರಿ ಸಂಧಿ ಎಂಬ ಪಾಡ್ದನವನ್ನು ಎ.ವಿ. ನಾವಡರು ಸಂಪಾದಿಸಿದರು. ಅದು 1999ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂತು. ಅದರ ನಾಯಕಿ ಸಿರಿಯಾದರೂ ಎಂಥವಳು! ಮೋಸ ಮಾಡಿದ ಗಂಡನಿಗೆ ತಾನೇ ವಿಚ್ಛೇದನ ಕೊಟ್ಟು, ಕೂಸನ್ನು ಕರೆದುಕೊಂಡು ಮನೆಯಿಂದ ಹೊರಡುವವಳು. ಇಂಥ ಕಥೆಯನ್ನು ಗದ್ದೆ ತುಂಬ ಕೇಳುವಂತೆ ಹಾಡಿದರೂ ಯಾವ ಯಜಮಾನನೂ ಬೇಡ ಎನ್ನಲಿಲ್ಲ. ಯಾಕೆಂದರೆ ಹಾಡುವ ಬಾಯಿಯ ಜೊತೆಗೆ ಕೈ ನೇಜಿ ನೆಡುತ್ತಲೇ ಇತ್ತು. ಕೆಲಸ ನಿಲ್ಲುವುದಿಲ್ಲ ಎಂದಾದರೆ ಹೆಂಗಸಿನ ಕಲೆಯಿಂದ ಮನೆಗೆ ತೊಂದರೆ ಇಲ್ಲ. ಬೀಡಿಯದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ತಡ್ಪೆಯನ್ನು (ಮೊರವನ್ನು) ತೊಡೆ ಮೇಲಿಟ್ಟುಕೊಂಡು, ತೊಟ್ಟಿಲು ತೂಗುತ್ತಲೇ ಬೀಡಿ ಕಟ್ಟಬಹುದಿತ್ತು. ಹಾಗಾಗಿಯೇ ಆ ದುಡಿಮೆ ಈ ಕಡೆಯ ಮನೆಮನೆಗೂ ಬಂತು.

ತಕರಾರು ಶುರುವಾಗುವುದು ಕಲೆ ತನ್ನದೇ ಹೊತ್ತು ಕೇಳಿದಾಗ. ಯಕ್ಷಗಾನ ಕೇಳುವುದು ಇಡೀ ರಾತ್ರಿಯನ್ನು. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ (ತುಳುವರ ಋತು ಮುಗಿಯುವ ದಿನ) ತಿರುಗಾಟ. ಇವತ್ತು ಒಂದೂರು, ನಾಳೆ ಇನ್ನೊಂದೂರು, ಹಗಲು ಸಿಕ್ಕಲ್ಲಿ ನಿದ್ದೆ. ಎದೆಹಾಲು ಕುಡಿಯುವ ಮಗು ಇರುವವಳು ಈ ಲೆಕ್ಕದಲ್ಲಿ ಎಲ್ಲಿ ಹೊಂದುತ್ತಾಳೆ? ರಂಗದ ಮೇಲಿನ ದ್ರೌಪದಿ, ದಮಯಂತಿ, ದಾಕ್ಷಾಯಿಣಿ ಎಲ್ಲರೂ ಗಂಡಸರೇ ಆಗಿದ್ದರು. ಸಂಪ್ರದಾಯ, ಮಡಿ ಎಂದೆಲ್ಲ ಕಾರಣ ಹೇಳುತ್ತಾರೆ. ಇರಬಹುದು. ಆದರೆ ಗಂಡಸು ಆರು ತಿಂಗಳು ಮನೆ ಬಿಟ್ಟರೆ ಮನೆ ನಡೆಯುತ್ತದೆ, ಹೆಂಗಸು ಬಿಟ್ಟರೆ ನಡೆಯುವುದಿಲ್ಲ ಎಂಬ ವ್ಯವಸ್ಥೆಯೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಸಂತಾನ ಇತ್ತು. ಆಸ್ತಿಯೂ ಕುಟುಂಬವೂ ಹೆಣ್ಣಿನ ಕಡೆಯಿಂದಲೇ ಬರುತ್ತಿದ್ದವು. ಕುಟುಂಬದ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು ಬೇಕಾದಷ್ಟು ಇದ್ದರು. ಆದರೂ ಆ ಮನೆಗಳಿಂದ ಒಬ್ಬಳೂ ಮೇಳಕ್ಕೆ ಹೊರಟಂತೆ ಕಾಣುವುದಿಲ್ಲ. ಆಸ್ತಿ ಹೆಣ್ಣಿನದ್ದಾದರೂ ರಾತ್ರಿ ಅವಳದ್ದಾಗಲಿಲ್ಲ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಈ ಬೇಲಿ ದಾಟಿದವರು ಲೀಲಾವತಿ ಬೈಪಾಡಿತ್ತಾಯರು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಅವರು ಮೊದಲು ಕಲಿತದ್ದು ಶಾಸ್ತ್ರೀಯ ಸಂಗೀತ. ಭಾಗವತಿಕೆ ಕಲಿತದ್ದು ಮದುವೆಯಾದ ಮೇಲೆ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ಗಂಡ ಚೆಂಡೆ-ಮದ್ದಳೆಯವರು. ಇಬ್ಬರೂ ಜೊತೆಯಾಗಿ ಮೇಳಗಳಲ್ಲಿ ತಿರುಗಿದರು. ವೃತ್ತಿಪರ ಮೇಳದ ರಂಗದಲ್ಲಿ ಜಾಗಟೆ ಹಿಡಿದ ಮೊದಲ ಮಹಿಳೆ ಎಂದು ಈಗ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರ ಕಂಠ, ಛಲ ದೊಡ್ಡವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡ ಅದೇ ಹಿಮ್ಮೇಳದವರಾಗಿದ್ದರು (ಹಾಡು, ವಾದ್ಯದ ತಂಡ) ಎಂಬುದನ್ನು ಮರೆಯಬಾರದು. ಹಗಲೆಲ್ಲ ಆಫೀಸಿನಲ್ಲಿ ದುಡಿದು ರಾತ್ರಿ ಮನೆಯಲ್ಲಿ ಊಟ ಕಾಯುವ ಗಂಡ ಆಗಿದ್ದರೆ? "ಸಂಸಾರ, ಕಲೆ ಎರಡನ್ನೂ ನಿಭಾಯಿಸಿದರು" ಎಂಬ ಸನ್ಮಾನಪತ್ರದ ಮಾತು ಕೇಳಿದಾಗಲೆಲ್ಲ ನನಗೆ ಕಿರಿಕಿರಿ. ಅದು ಹೊಗಳಿಕೆಯ ಹಾಗೆ ಕಂಡರೂ ಮುಂದಿನವಳಿಗೆ ಹಾಕುವ ಷರತ್ತು, ಅಲ್ವಾ?

ಬರವಣಿಗೆಯ ಕಥೆ ಸ್ವಲ್ಪ ಬೇರೆ. ಅದಕ್ಕೆ ಚೌಕಿ (ವೇಷ ಕಟ್ಟುವ ಜಾಗ) ಬೇಡ, ಊರೂರು ಸುತ್ತಬೇಕಿಲ್ಲ, ಒಲೆಯ ಮೇಲೆ ಅನ್ನ ಬೇಯುವಾಗಲೂ ನಾಲ್ಕು ಸಾಲು ಬರೆಯಬಹುದು. ಕರಾವಳಿಯಲ್ಲಿ ಹೆಂಗಸರು ಮೊದಲು ಜೋರಾಗಿ ಕಾಣಿಸಿಕೊಂಡದ್ದು ಕಥೆಯಲ್ಲಿ ಎಂಬುದು ಸುಮ್ನೆ ಆದದ್ದಲ್ಲ. ಅಲ್ಲಿಯೂ ವಯಸ್ಸಿನ ಲೆಕ್ಕ ನೋಡಿ. ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ. ಓದುವ ಹಸಿವಿದ್ದರೂ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ನಾಲ್ಕು ಗಂಡುಮಕ್ಕಳನ್ನು ಬೆಳೆಸಿದರು. ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾದದ್ದು 1980ರ ದಶಕದಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಆಮೇಲೆ ಸುಮಾರು ಮೂರು ದಶಕ ಬಿಡದೆ ಬರೆದರು, ಮಂಗಳೂರಿನಲ್ಲಿ ತಮ್ಮದೇ ಪ್ರಕಾಶನವನ್ನೂ ನಡೆಸಿದರು. ತಡವಾದರೂ ಬಂದರಲ್ಲ ಎಂದು ಸಮಾಧಾನ ಪಡಬಹುದು. ನನಗೆ ಮಾತ್ರ ಮೂವತ್ತರ ಸಾರಾ ಏನು ಬರೆಯುತ್ತಿದ್ದರೋ ಎಂಬ ಯೋಚನೆ ಹೋಗುವುದಿಲ್ಲ.

ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿ (ಜಾನಕಿ ಶ್ರೀನಿವಾಸಮೂರ್ತಿ) ಅವರದ್ದು ಇನ್ನೊಂದು ದಾರಿ. ಅಡುಗೆಮನೆ, ಹಿತ್ತಿಲು, ಬಾಣಂತಿ ಕೋಣೆಯ ಮಾತನ್ನೇ ಅವರು ಕಥೆ ಮಾಡಿಕೊಂಡರು. ಪತ್ರಿಕೆಗೆ ಕಥೆ ಕಳಿಸಿದ ಮೇಲೆ, ನಡೆದದ್ದನ್ನೇ ಬರೆದಿದ್ದೇನಲ್ಲಾ ಎಂದು ಅಳುಕಿ, ಪ್ರಕಟಿಸಬೇಡಿ ಎಂದರಂತೆ. ಸಂಪಾದಕರು 'ವೈದೇಹಿ' ಎಂಬ ಹೆಸರಿಟ್ಟು ಪ್ರಕಟಿಸಿದರು. ಜಾನಕಿಗೆ ಬರೆಯಲು ಇನ್ನೊಂದು ಹೆಸರಿನ ಮರೆ ಸಿಕ್ಕಿತು. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ.

ಈಗ ಕಾಲ ಬದಲಾಗಿದೆ ಎನ್ನುತ್ತೇವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಆ ಕೆಲಸ ಮಾಡುವವರನ್ನಷ್ಟೇ ಲೆಕ್ಕ ಹಿಡಿದ ಇಡೀ ದೇಶದ ಸರಾಸರಿ. ಇಲ್ಲಿ ಕುಟುಂಬದ ಮನೆಗಳು ಒಡೆದು ಫ್ಲ್ಯಾಟುಗಳಾದ ಮೇಲೆ ಮಗು ಎತ್ತಿಕೊಳ್ಳುವ ಕೈಗಳೂ ಕಮ್ಮಿಯಾಗಿವೆ.

ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಹೈಸ್ಕೂಲು ಮಕ್ಕಳು ಯಕ್ಷಗಾನ ಕಲಿಯುತ್ತಾರೆ. ಅವರಲ್ಲಿ ಹುಡುಗಿಯರೂ ಜಾಸ್ತಿ. ಗೆಜ್ಜೆ ಕಟ್ಟಿ ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವ ಆ ಹುಡುಗಿಯರಲ್ಲಿ ಮದುವೆಯಾದ ಮೇಲೂ ರಂಗದಲ್ಲಿ ಉಳಿಯುವವರು ಕಮ್ಮಿ. ಮಹಿಳಾ ತಂಡಗಳೇನೋ ಇವೆ. ಆದರೆ ಅವರ ಆಟ (ಪ್ರದರ್ಶನ) ಹೆಚ್ಚಾಗಿ ಸಂಜೆ ಹೊತ್ತಿಗೆ, ರಜಾದಿನಕ್ಕೆ. ಎಷ್ಟು ಚೆನ್ನಾಗಿ ಕುಣಿದರೂ 'ಹವ್ಯಾಸಿ' ಎಂಬ ಹಣೆಪಟ್ಟಿ ಬಿಡುವುದಿಲ್ಲ.

ಹಲವು ಮೇಳಗಳು ಈಚೆಗೆ ಕಾಲಮಿತಿಗೆ ಬಂದಿವೆ, ಮಧ್ಯರಾತ್ರಿಗೆಲ್ಲ ಮಂಗಳ. ಮೈಕಿನ ನಿಯಮ, ನಿದ್ದೆ ಕೆಡಲು ತಯಾರಿಲ್ಲದ ಪ್ರೇಕ್ಷಕರು, ಇವು ಅದಕ್ಕೆ ಕಾರಣ. ಹೆಂಗಸರಿಗೆ ಅನುಕೂಲವಾಗಲಿ ಎಂದು ಯಾರೂ ಮಾಡಿದ್ದಲ್ಲ. ಆದರೂ ಅನುಕೂಲ ಆಗಬಹುದು. ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ ಅವರಂಥ ಭಾಗವತರ ಹೆಸರು ಈಗ ಊರೂರಲ್ಲಿ ಗೊತ್ತು. ವೇಷಕ್ಕಿಂತ ಭಾಗವತಿಕೆಯಲ್ಲಿ ದಾರಿ ಬೇಗ ತೆರೆದುಕೊಂಡದ್ದು ಯಾಕೆ? ನನ್ನ ಅಂದಾಜು ಇಷ್ಟೇ: ಭಾಗವತರಿಗೆ ಸೀರೆಯುಟ್ಟು ಮನೆಯಿಂದ ಬಂದು, ಹಾಡಿ, ಹಾಗೆಯೇ ಮನೆಗೆ ಹೋಗಬಹುದು. ವೇಷಧಾರಿಗೆ ಚೌಕಿ ಬೇಕು. ಬಣ್ಣ ಹಚ್ಚಲು, ಬಟ್ಟೆ ಬದಲಿಸಲು ಎಲ್ಲರಿಗೂ ಒಂದೇ ಚಪ್ಪರ ಇರುವ ಕಡೆ ಹೆಂಗಸರಿಗೊಂದು ಮರೆ, ಶೌಚಾಲಯ, ಮಗು ಮಲಗಿಸಲು ಒಂದಿಷ್ಟು ಜಾಗ ಮಾಡಲು ಲಕ್ಷಗಟ್ಟಲೆ ಏನೂ ಬೇಡ. ಆಟ ಆಡಿಸುವವರು ಡೇರೆಯವರ ಹತ್ತಿರ ಮಾತಾಡುವಾಗಲೇ ಅದನ್ನೂ ಸೇರಿಸಿ ಹೇಳಿದರೆ ಆಯಿತು.