ಶಿಬಿರಕ್ಕೆ ನಾಲ್ವರು, ಗಸ್ತಿಗೆ ಯಾರು?

ಕಾಡಿನ ಗಸ್ತು ಹೇಗೆ ಹಂಚಬೇಕು ಅಂತ ಸಲಹೆ ಕೇಳುವ ಸಭೆಗಳಲ್ಲಿ ಮೊದಲ ಮಾತು ಯಾವಾಗಲೂ ಒಂದೇ: ‘ಹುದ್ದೆ ಖಾಲಿ ಇವೆ ಸಾರ್, ಜನ ಸಾಲದು.’ ಒಪ್ಪಿದೆ. ಆದರೆ ಇರುವವರು ಇವತ್ತು ಎಲ್ಲಿ ನಡೆದರು ಅಂತ ಕೇಳಿದರೆ ಹಾಜರಿ ಪುಸ್ತಕ ಮುಂದಿಡುತ್ತಾರೆ. ಅದರಲ್ಲೇನೋ ಎಲ್ಲರೂ ಇರುತ್ತಾರೆ ಬಿಡಿ.

ಸಿಬ್ಬಂದಿ ಕಾಡೊಳಗೇ ಉಳಿದು ಗಸ್ತು ತಿರುಗುವ ಕಳ್ಳಬೇಟೆ ತಡೆ ಶಿಬಿರವನ್ನೇ ನೋಡಿ. ಕಾಗದದಲ್ಲಿ ನಾಲ್ವರು ಅಂದುಕೊಳ್ಳೋಣ. ಒಬ್ಬ ರಜೆ. ಇನ್ನೊಬ್ಬ ರೇಷನ್ ತರಲು, ಇಲ್ಲವೇ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿರುತ್ತಾನೆ. ಉಳಿದವರು ಇಬ್ಬರು. ಕಾಡಿಗೆ ಒಬ್ಬನೇ ಹೋಗುವಂತಿಲ್ಲ. ಇಬ್ಬರೂ ಹೊರಟರೆ ವೈರ್‌ಲೆಸ್‌ಗೆ ಓಗೊಡುವವರಿಲ್ಲ. ಅಕ್ಕಿ ವಾಸನೆಗೆ ಆನೆ ನುಗ್ಗಿದರೆ ಗೋಡೆಯೂ ಉಳಿಯಲ್ಲ. ಹಾಗಾಗಿ ಇಬ್ಬರೂ ಅಲ್ಲೇ ಕೂರುತ್ತಾರೆ. ಪಾಪ, ಅವರದೇನು ತಪ್ಪು? ಅಂಥ ಎರಡು ಶಿಬಿರ ಸೇರಿಸಿದರೆ ಎಂಟು ಜನ. ಇಬ್ಬರು ರಜೆ, ಒಬ್ಬ ರೇಷನ್‌ಗೆ, ಇಬ್ಬರು ಕಾವಲಿಗೆ ಅಂದರೂ ಮೂವರು ದಿನಾ ನಡೆಯಬಹುದು. ಇದನ್ನು ಹೇಳಿದ ಕೂಡಲೇ ‘ಶಿಬಿರ ಮುಚ್ಚಿಸ್ತೀರಾ?’ ಅಂತ ಗರಂ ಆಗುತ್ತಾರೆ. ವರದಿಯಲ್ಲಿ ಶಿಬಿರಗಳ ಸಂಖ್ಯೆ ಜಾಸ್ತಿ ಕಾಣಬೇಕಲ್ಲ! ಎಲ್ಲ ಕಡೆಗೂ ಇದು ಹೊಂದುತ್ತದೆ ಅನ್ನಲಾರೆ. ರಾಜ್ಯದ ಗಡಿಯಲ್ಲಿರುವ, ಮಳೆಗಾಲದಲ್ಲಿ ಹೊಳೆಯಾಚೆ ಸಿಕ್ಕಿಬೀಳುವ ಶಿಬಿರಗಳನ್ನು ಸುಮ್ನೆ ಮುಟ್ಟಬಾರದು.

ಗಸ್ತು ನಡೆದ ದಾರಿ, ದೂರ ದಾಖಲಿಸುವ ಎಂ-ಸ್ಟ್ರೈಪ್ಸ್ ಆ್ಯಪ್ ಇದೆಯಲ್ಲ ಅನ್ನುತ್ತಾರೆ. ಇದೆ, ಒಳ್ಳೆಯದೇ. ಆದರೆ ಮೇಲಿನವರು ಬರೀ ಕಿಲೋಮೀಟರ್ ಕೇಳಿದರೆ ಹುಡುಗರು ಜೀಪ್ ದಾರಿಯಲ್ಲೇ ನಡೆದು ಲೆಕ್ಕ ತುಂಬಿಸುತ್ತಾರೆ. ಉರುಳು ಹಾಕುವವನು ಜೀಪ್ ದಾರಿಗೆ ಬರ್ತಾನಾ?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಅಂತ ಆಗ ಸುದ್ದಿಯಾಗಿತ್ತು. ಎರಡಕ್ಕೂ ನೇರ ನಂಟು ಹಾಕಲು ನಾನು ಹೋಗಲ್ಲ. ಆದರೂ ಮನೆಗೆ ದುಡ್ಡು ಕಳಿಸಲಾಗದವನ ಕೈಯಲ್ಲಿ ಎಷ್ಟು ದಿನ ಗಸ್ತು ಮಾಡಿಸುತ್ತೀರಿ?

ಇನ್ನು ವೇಳೆಯ ವಿಷಯ. 2023ರ ಎಣಿಕೆಯಲ್ಲಿ ರಾಜ್ಯದಲ್ಲಿ 6,395 ಆನೆಗಳಿದ್ದವು. ಸಕಲೇಶಪುರ, ಆಲೂರು ಕಡೆ ಅವು ಹಗಲು ಕಾಫಿ ತೋಟದಲ್ಲಿ ನಿಂತು ಸಂಜೆಗೆ ಹೊರಡುತ್ತವೆ. ಬೆಳಗ್ಗೆ ಅದೇ ದಾರಿಯಲ್ಲಿ ತೋಟದ ಕೆಲಸದವರು ಬರುತ್ತಾರೆ. ಅಲ್ಲಿ ಜನ ಬೇಕಾಗುವುದು ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ. ಆನೆ ಯಾವ ತೋಟದಲ್ಲಿದೆ ಅನ್ನುವ ಮೆಸೇಜ್ ಕೆಲಸದವರು ಮನೆ ಬಿಡುವ ಮುಂಚೆ ತಲುಪಬೇಕು. ಒಂಬತ್ತು ಗಂಟೆಗೆ ಬಂದರೆ ಅದನ್ನು ಯಾರು ಓದಬೇಕು?