ಕಾರ್ಡ್ ನಡೆಯುತ್ತದೆಯೇ? ಸರ್ಕಾರಿ ಮತ್ತು ಖಾಸಗಿ ಆರೋಗ್ಯ ವಿಮೆಯ ವಾದ ಇಲ್ಲಿಯವರೆಗೆ ಬಂದ ಬಗೆ

ಕಾಯಿಲೆ ಏನೆಂದು ಹೇಳುವುದಕ್ಕೂ ಮೊದಲು ರೋಗಿಯ ಕಡೆಯವರು ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ಮಾತು ‘ಇಲ್ಲಿ ಕಾರ್ಡ್ ನಡೆಯುತ್ತಾ?’ ಎಂಬುದು. ಯಾವ ಕಾರ್ಡ್ ಎಂದು ಆ ಕಡೆಯಿಂದ ಮರುಪ್ರಶ್ನೆ ಬರುತ್ತದೆ. ಬಿಪಿಎಲ್ ಪಡಿತರ ಚೀಟಿ, ಆಯುಷ್ಮಾನ್, ಯಶಸ್ವಿನಿ, ಇಎಸ್‌ಐ, ಕಂಪನಿ ಮಾಡಿಸಿಕೊಟ್ಟ ಗುಂಪು ವಿಮೆ, ಕೈಯಿಂದ ಕಂತು ಕಟ್ಟಿದ ಮೆಡಿಕ್ಲೇಮ್, ಹೀಗೆ ಒಂದೇ ಮನೆಯ ಕಪಾಟಿನಲ್ಲಿ ಮೂರ್ನಾಲ್ಕು ಬಗೆಯ ಕಾರ್ಡುಗಳಿರುವುದು ಈಗ ಅಪರೂಪವಲ್ಲ. ಆರೋಗ್ಯ ವಿಮೆಯನ್ನು ಸರ್ಕಾರ ನಡೆಸಬೇಕೋ ಖಾಸಗಿಗೆ ಬಿಡಬೇಕೋ ಎಂದು ಟಿವಿಯಲ್ಲಿ ವಾದ ಮಾಡುವವರು ಈ ಕಪಾಟನ್ನು ಒಮ್ಮೆ ತೆರೆದು ನೋಡಿದರೆ, ಯಾವುದು ಸರ್ಕಾರದ್ದು ಯಾವುದು ಖಾಸಗಿಯದ್ದು ಎಂದು ಗೆರೆ ಎಳೆಯುವುದೇ ಎಷ್ಟು ಕಷ್ಟ ಎಂಬುದು ತಿಳಿದೀತು.

ಸ್ವಾತಂತ್ರ್ಯದ ಹೊತ್ತಿಗೆ ದೇಶದ ಮುಂದಿದ್ದ ನಕ್ಷೆಯಲ್ಲಿ ವಿಮೆಗೆ ದೊಡ್ಡ ಜಾಗವಿರಲಿಲ್ಲ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿ, ಸರ್ಕಾರವೇ ಕಟ್ಟಿ ನಡೆಸುವ ಆಸ್ಪತ್ರೆಗಳ ಜಾಲವನ್ನು ಕಲ್ಪಿಸಿತ್ತು. ಕಾರ್ಖಾನೆಯ ಕಾರ್ಮಿಕರಿಗೆಂದು 1948ರ ಕಾಯ್ದೆಯ ಮೇಲೆ 1952ರಲ್ಲಿ ಇಎಸ್‌ಐ ಆರಂಭವಾಯಿತು, ಕೇಂದ್ರ ಸರ್ಕಾರಿ ನೌಕರರಿಗೆ 1954ರಲ್ಲಿ ಸಿಜಿಎಚ್‌ಎಸ್ ಬಂತು. ಉಳಿದವರ ಪಾಲಿಗೆ ಸರ್ಕಾರಿ ಆಸ್ಪತ್ರೆ, ಇಲ್ಲವೇ ಮಾರುವುದಕ್ಕೆ ಒಂದಿಷ್ಟು ಜಮೀನು. ಸಾಮಾನ್ಯ ವಿಮೆ 1973ರಲ್ಲಿ ರಾಷ್ಟ್ರೀಕರಣಗೊಂಡು, ಅದೇ ಸರ್ಕಾರಿ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿ ತಂದವು. 1999ರ ಕಾಯ್ದೆಯಿಂದ ವಿಮಾ ಕ್ಷೇತ್ರದ ಬಾಗಿಲು ಖಾಸಗಿಗೆ ತೆರೆಯಿತು. 2006ರಲ್ಲಿ ಆರೋಗ್ಯ ವಿಮೆಯನ್ನಷ್ಟೇ ಮಾರುವ ಮೊದಲ ಕಂಪನಿ ಹುಟ್ಟಿತು. ಈ ಅರ್ಧ ಶತಮಾನದಲ್ಲಿ ಭೋರ್ ಸಮಿತಿ ಹೇಳಿದ ಆಸ್ಪತ್ರೆಗಳ ಜಾಲ ಅರ್ಧಂಬರ್ಧವಾಗಿಯೇ ಉಳಿಯಿತು. ಮುಂದಿನ ಕತೆಗೆಲ್ಲ ಬೀಜ ಅಲ್ಲಿದೆ.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ಬೇರೆಯದೇ ದಾರಿ ಹಿಡಿದದ್ದು ಯಶಸ್ವಿನಿಯಿಂದ. 2002ರ ನವೆಂಬರಿನಲ್ಲಿ ಘೋಷಣೆಯಾಗಿ 2003ರ ಜೂನಿನಿಂದ ಚಿಕಿತ್ಸೆ ಕೊಡಲಾರಂಭಿಸಿದ ಈ ಯೋಜನೆಯ ಹಿಂದೆ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಲೆಕ್ಕಾಚಾರವಿತ್ತು. ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳು, ಆಪರೇಷನ್ ಥಿಯೇಟರುಗಳು ಖಾಲಿ ಬಿದ್ದಿರುತ್ತವೆ. ಊರುಗಳಲ್ಲಿ ಆಪರೇಷನ್ ಆಗಬೇಕಾದವರು ದುಡ್ಡಿಲ್ಲದೆ ಮನೆಯಲ್ಲೇ ಇರುತ್ತಾರೆ. ಲಕ್ಷಾಂತರ ಜನ ತಲಾ ಒಂದಿಷ್ಟು ಪುಡಿಕಾಸು ಹಾಕಿದರೆ ಇವೆರಡನ್ನೂ ಕೂಡಿಸಬಹುದು ಎಂಬುದು ಆ ಲೆಕ್ಕ. ಸಹಕಾರ ಸಂಘದ ಸದಸ್ಯರಿಗೆ ವರ್ಷಕ್ಕೆ ತಲಾ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ ಕಂತು. ಸರ್ಕಾರ ಅದರ ಮೇಲೆ ತನ್ನ ಪಾಲು ಹಾಕಿತು. ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳು, ವರ್ಷಕ್ಕೆ 2 ಲಕ್ಷ ರೂಪಾಯಿಯ ಮಿತಿ. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು.

ಇದನ್ನು ಸಾಧ್ಯ ಮಾಡಿದ್ದು ಹಾಲಿನ ಡೇರಿ ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಂಘ. ಬೆಳಗಿನ ಹಾಲು ಹಾಕಲು ಸಾಲಿನಲ್ಲಿ ನಿಂತವರ ಹೆಸರು ಬರೆದುಕೊಂಡು, ಹಾಲಿನ ಬಟವಾಡೆಯಲ್ಲಿ ಕಂತು ಹಿಡಿದುಕೊಂಡ ಕಾರ್ಯದರ್ಶಿಗಳು ಎಷ್ಟೋ ಊರುಗಳಲ್ಲಿದ್ದರು. ಇದರಲ್ಲಿ ವಿಮಾ ಕಂಪನಿಯೇ ಇರಲಿಲ್ಲ. ಟ್ರಸ್ಟೊಂದು ನಿಧಿಯನ್ನು ನೋಡಿಕೊಳ್ಳುತ್ತಿತ್ತು, ಕಾಗದಪತ್ರದ ಕೆಲಸಕ್ಕೆ ಮಾತ್ರ ಹೊರಗಿನ ಸಂಸ್ಥೆಯಿತ್ತು. ದುಡ್ಡು ರೈತರದ್ದು ಮತ್ತು ಸರ್ಕಾರದ್ದು, ಹಾಸಿಗೆ ಬಹುಪಾಲು ಖಾಸಗಿಯದ್ದು, ನಡುವೆ ಸಹಕಾರ ಸಂಘ. ಹಾಗಾದರೆ ಇದು ಸರ್ಕಾರಿ ವಿಮೆಯೋ ಖಾಸಗಿ ವಿಮೆಯೋ? ಕರಾವಳಿಯಲ್ಲಿ ಆ ಹೊತ್ತಿಗೆ ಆಸ್ಪತ್ರೆಯೇ ರಿಯಾಯಿತಿಗೆಂದು ಕೊಡುವ, 2000ದಲ್ಲಿ ಬಂದ ಮಣಿಪಾಲ ಆರೋಗ್ಯ ಕಾರ್ಡ್ ಇತ್ತು, 2004ರಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಪೂರ್ಣ ಸುರಕ್ಷಾ ಎಂಬ ಆರೋಗ್ಯ ವಿಮೆ ಬಂತು. ಅವನ್ನೂ ಈ ಎರಡು ಡಬ್ಬಗಳಲ್ಲಿ ಯಾವುದಕ್ಕೂ ಸಲೀಸಾಗಿ ತುಂಬಲಾಗದು.

ಯಶಸ್ವಿನಿಗೆ ಮಿತಿಗಳಿದ್ದವು. ಆಪರೇಷನ್ ಆದರೆ ಹಣ, ಜ್ವರವೆಂದು ವಾರಗಟ್ಟಲೆ ಮಲಗಿದರೆ ಇಲ್ಲ. ಸಂಘದ ಸದಸ್ಯತ್ವವೇ ಇಲ್ಲದ ಕೂಲಿಕಾರ ಹೊರಗೆ ಉಳಿದ. ಎರಡು ವರ್ಷದಲ್ಲಿ ಕಂತು 120 ರೂಪಾಯಿಯಾಯಿತು, ಮುಂದೆ ಇನ್ನೂ ಏರಿತು, ಸರ್ಕಾರದ ಪಾಲೂ ಏರುತ್ತ ಹೋಯಿತು. ಆದರೂ ಕಂತು ಕಟ್ಟಿದವನು ‘ಇದು ನನ್ನ ಕಾರ್ಡ್’ ಎಂಬ ಗತ್ತಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದ. ಆ ಗತ್ತು ಮುಂದಿನ ಯೋಜನೆಗಳಲ್ಲಿ ಕಾಣಲಿಲ್ಲ ಎಂಬುದು ಈ ಲೇಖಕನ ಅನಿಸಿಕೆ.

ಮುಂದಿನದು ವಾಜಪೇಯಿ ಆರೋಗ್ಯಶ್ರೀ. ಪಕ್ಕದ ಆಂಧ್ರದಲ್ಲಿ 2007ರಲ್ಲಿ ಶುರುವಾದ ಆರೋಗ್ಯಶ್ರೀಯ ಮಾದರಿಯಲ್ಲಿ 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಹೊರಟ ಇದರಲ್ಲಿ ಕಂತೂ ಇಲ್ಲ, ನೋಂದಣಿಯೂ ಇಲ್ಲ. ಬಿಪಿಎಲ್ ಚೀಟಿಯೇ ಪಾಲಿಸಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳು, ಸುಟ್ಟಗಾಯದಂಥ ಮನೆ ಮುಳುಗಿಸುವ ಕಾಯಿಲೆಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ಹಣ ಕೊಡುತ್ತಿತ್ತು. ಇಂಥ ಯೋಜನೆಗಳಿಂದ ಆಸ್ಪತ್ರೆಗಳಿಗಷ್ಟೇ ಲಾಭ ಎನ್ನುವವರಿಗೆ ಉತ್ತರವಾಗಿ ಒಂದು ಅಧ್ಯಯನವೂ ಇದೆ. ಯೋಜನೆ ಇದ್ದ 300 ಹಳ್ಳಿಗಳನ್ನೂ, ಗಡಿಯ ಆಚೆ ಯೋಜನೆ ಇನ್ನೂ ತಲುಪದಿದ್ದ 272 ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಯೋಜನೆಯೊಳಗಿನ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸುವ ಸಾವು ಶೇ 64ರಷ್ಟು ಕಡಿಮೆಯಿತ್ತು. ಅದೇ ಹೊತ್ತಿಗೆ ಕೇಂದ್ರದ್ದು ಇನ್ನೊಂದು ನಡೆದಿತ್ತು: 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. 30 ರೂಪಾಯಿ ನೋಂದಣಿ, 30,000 ರೂಪಾಯಿ ರಕ್ಷಣೆ, ಐದು ಜನರ ಕುಟುಂಬ, ನಡುವೆ ವಿಮಾ ಕಂಪನಿ. ಒಂದೇ ಮನೆಗೆ ಎರಡು ಕಾರ್ಡ್, ಎರಡು ನಿಯಮ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು, ಏಕೆಂದರೆ ವಾದದ ಗೋಜಲು ಹೆಚ್ಚಾಗಿ ಇದನ್ನು ಗಮನಿಸದೆ ಆದದ್ದು. ವಿಮಾ ಪದ್ಧತಿಯಲ್ಲಿ ಸರ್ಕಾರ ಪ್ರತಿ ಕುಟುಂಬಕ್ಕೆ ಇಷ್ಟೆಂದು ಕಂಪನಿಗೆ ಕಂತು ಕಟ್ಟುತ್ತದೆ. ರೋಗಿಗಳು ಕಡಿಮೆ ಬಂದರೆ ಉಳಿದದ್ದು ಕಂಪನಿಗೆ, ಹೆಚ್ಚು ಬಂದರೆ ನಷ್ಟವೂ ಅದಕ್ಕೆ. ಟ್ರಸ್ಟ್ ಪದ್ಧತಿಯಲ್ಲಿ ನಡುವಿನ ಕಂಪನಿ ಇಲ್ಲ, ಬಿಲ್ಲು ಬಂದ ಹಾಗೆ ಸರ್ಕಾರವೇ ಪಾವತಿಸುತ್ತದೆ. ತಮಿಳುನಾಡು ಮೊದಲನೆಯದನ್ನು ಹಿಡಿಯಿತು, ಆಂಧ್ರ ಮೊದಲನೆಯದರಿಂದ ಎರಡನೆಯದರತ್ತ ಸರಿಯಿತು, ಕರ್ನಾಟಕ ಆರೋಗ್ಯಶ್ರೀಯಿಂದ ಇಂದಿನವರೆಗೂ ಟ್ರಸ್ಟನ್ನು ಬಿಟ್ಟುಕೊಡಲಿಲ್ಲ. ಆದ್ದರಿಂದ ನಮ್ಮಲ್ಲಿ ‘ಸರ್ಕಾರಿ ವಿಮೆ’ ಎಂದು ಕರೆಯುವುದು ನಿಜಕ್ಕೂ ವಿಮೆಯೇ ಅಲ್ಲ, ಸರ್ಕಾರದ ಒಂದು ಭರವಸೆ. ಭರವಸೆಗೆ ಬೆಲೆ ಬರುವುದು ಬಿಲ್ಲು ಸಕಾಲಕ್ಕೆ ಪಾವತಿಯಾದಾಗ.

2018ರ ಮಾರ್ಚಿನಲ್ಲಿ ಹಳೆಯ ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಬಂತು. ಮೇ ಕೊನೆಗೆ ಯಶಸ್ವಿನಿ ನಿಂತಿತು. ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಉದ್ಘಾಟನೆಯಾಗಿ, ಅಕ್ಟೋಬರ್ ಕೊನೆಗೆ ಎರಡೂ ಹೆಸರು ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ ಶೇ 30ರಷ್ಟು, ಒಂದೂವರೆ ಲಕ್ಷದ ಮಿತಿಯೊಳಗೆ. ಕೇಂದ್ರ ತನ್ನ ಶೇ 60ರ ಪಾಲು ಕೊಡುವುದು 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಸಿಕ್ಕ ಸುಮಾರು 62 ಲಕ್ಷ ಕುಟುಂಬಗಳಿಗೆ. ಪಡಿತರ ಚೀಟಿಯ ಲೆಕ್ಕದಲ್ಲಿ ಅರ್ಹರು ಅದಕ್ಕಿಂತ ಬಹಳ ಹೆಚ್ಚು, ಆ ಭಾರ ರಾಜ್ಯದ ತಲೆಗೆ.

ಈ ಹೊಸ ವ್ಯವಸ್ಥೆಯ ಜೀವ ಇರುವುದು ರೆಫರಲ್ ಪತ್ರದಲ್ಲಿ. ತುರ್ತು ಸಂದರ್ಭ ಬಿಟ್ಟರೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಚಿಕಿತ್ಸೆ ಇಲ್ಲಿ ಲಭ್ಯವಿಲ್ಲ ಎಂದು ಅಲ್ಲಿನ ವೈದ್ಯರು ಬರೆದುಕೊಟ್ಟ ಮೇಲೆ ಖಾಸಗಿಗೆ. ತತ್ವವಾಗಿ ಇದು ಸರಿಯಾದದ್ದೇ, ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಖಾಸಗಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ನನ್ನ ದೊಡ್ಡಪ್ಪನಿಗೆ ಹೃದಯದ ಸ್ಟೆಂಟ್ ಹಾಕಿಸಬೇಕಾದಾಗ ನಾನೂ ಆ ಪತ್ರಕ್ಕಾಗಿ ಹೋಗಿದ್ದೆ. ಮೊದಲ ದಿನ ತಾಲ್ಲೂಕು ಆಸ್ಪತ್ರೆಯವರು ಜಿಲ್ಲಾಸ್ಪತ್ರೆಗೆ ಕಳಿಸಿದರು. ಎರಡನೆಯ ದಿನ ಅಲ್ಲಿ ಸಹಿ ಮಾಡಬೇಕಾದವರು ಸಭೆಗೆ ಹೋಗಿದ್ದರು. ಮೂರನೆಯ ದಿನ ಸಹಿ ಆಯಿತು, ಮೊಹರು ಒತ್ತಲು ನೋಡಿದರೆ ಇಂಕ್ ಪ್ಯಾಡ್ ಒಣಗಿತ್ತು. ಗುಮಾಸ್ತರು ಅದಕ್ಕೆ ಎರಡು ಹನಿ ನೀರು ಬಿಟ್ಟು ಒತ್ತಿದ ಮಾಸಲು ನೇರಳೆ ಗುರುತನ್ನು ನೋಡಿ, ಖಾಸಗಿ ಆಸ್ಪತ್ರೆಯ ಮೇಜಿನಲ್ಲಿದ್ದ, ಯೋಜನೆಯ ಕಾಗದಪತ್ರ ನೋಡಿಕೊಳ್ಳುವ ಆರೋಗ್ಯ ಮಿತ್ರ ‘ಇದು ಸ್ಕ್ಯಾನ್‌ನಲ್ಲಿ ಕಾಣಲ್ಲ ಸಾರ್’ ಎಂದ. ಅವನ ತಪ್ಪೂ ಅಲ್ಲ. ಕಂಪ್ಯೂಟರಿನ ಆ ಬದಿಯಲ್ಲಿ ಕೂತು ಅನುಮತಿ ಕೊಡುವವರಿಗೆ ಕಾಣಬೇಕು. ನಾಲ್ಕನೆಯ ದಿನ ಕಂಡಿತು.

ಖಾಸಗಿಯವರ ದೂರು ಇನ್ನೊಂದು ತುದಿಯಿಂದ ಬರುತ್ತದೆ: ಪ್ಯಾಕೇಜ್ ದರ ಕಡಿಮೆ, ಬಾಕಿ ತಡ. ದರ ನಿಗದಿ ಮಾಡುವ ಅಧಿಕಾರ ಯಾರದ್ದು ಎಂಬ ಮುಖ್ಯ ಪ್ರಶ್ನೆ ಒಮ್ಮೆ ಮಾತ್ರ ಬಹಿರಂಗವಾಗಿ ಮೇಲೆದ್ದಿತು. ಎಲ್ಲ ಖಾಸಗಿ ಆಸ್ಪತ್ರೆಗಳ ಶುಲ್ಕಕ್ಕೂ ಸರ್ಕಾರ ಮಿತಿ ಹಾಕುವಂತೆ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ, ನವೆಂಬರಿನ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ ಬೀದಿಗಿಳಿದರು. ಕೊನೆಗೆ ಅಂಗೀಕಾರವಾದ ರೂಪದಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಉಳಿಯಿತು. ಸರ್ಕಾರದ ರೋಗಿಗೊಂದು, ಕೈಯಿಂದ ಕೊಡುವವನಿಗೊಂದು ದರ ಎಂಬ ಭೇದ ಕೋವಿಡ್ ಕಾಲದಲ್ಲಿ ಅಂಕಿಗಳಲ್ಲೇ ಕಾಣಿಸಿತು: 2020ರ ಜೂನಿನ ಸರ್ಕಾರಿ ಆದೇಶದಲ್ಲಿ, ಖಾಸಗಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನ ಹಾಸಿಗೆಗೆ ಸರ್ಕಾರ ಕಳಿಸಿದ ರೋಗಿಯಾದರೆ ದಿನಕ್ಕೆ 5,200 ರೂಪಾಯಿ, ತಾನಾಗಿ ಬಂದು ಕೈಯಿಂದ ಕೊಡುವವನಾದರೆ 10,000 ರೂಪಾಯಿಯವರೆಗೆ.

ಖಾಸಗಿ ಪಾಲಿಸಿಯವರ ಪಾಡನ್ನು ಚುಟುಕಾಗಿ ಹೇಳಬಹುದು. ಅವರಿಗೆ ರೆಫರಲ್ ಬೇಡ, ಆದರೆ ಬಿಡುಗಡೆಯ ದಿನ ಕ್ಲೇಮ್ ಮಂಜೂರಾಗುವವರೆಗೆ ಚಪ್ಪಲಿ ಹಾಕಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿರಬೇಕು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕೆಂದು ನಿಗದಿ ಮಾಡಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ಗರಿಷ್ಠ ಮೂರು ವರ್ಷಕ್ಕೆ ಇಳಿಸಿತು. ವೈಯಕ್ತಿಕ ಪಾಲಿಸಿಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ವಯಸ್ಸಿನೊಂದಿಗೆ ಏರುವ ಕಂತು ಮಾತ್ರ ಹಾಗೆಯೇ ಇದೆ.

ಇಷ್ಟೆಲ್ಲದರ ನಡುವೆ ನಿಂತುಹೋಗಿದ್ದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ನಡೆಯತೊಡಗಿತು. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000, ರಕ್ಷಣೆ 5 ಲಕ್ಷ. ಬಿಪಿಎಲ್ ಚೀಟಿಯಿದ್ದು ಆಯುಷ್ಮಾನಿನಲ್ಲಿ ಅಷ್ಟೇ ಮೊತ್ತ ಪುಕ್ಕಟೆ ಸಿಗುವಾಗ ಮತ್ತೆ 500 ಏಕೆ ಎಂದು ನಮ್ಮೂರಿನ ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ರಸೀದಿ ಹರಿಯುತ್ತಲೇ ಅವರು ಹೇಳಿದರು: ‘ಇದಕ್ಕೆ ರೆಫರಲ್ ಚೀಟಿ ಬರೆಸ್ಕೊಂಡು ಬರೋದು ಬೇಡ, ಸೀದಾ ಹೋಗ್ಬಹುದಲ್ಲ.’ ಅವರ ಮುಂದೆ ಸಾಲಿನಲ್ಲಿ ದೊಡ್ಡಪ್ಪನೂ ನಿಂತಿದ್ದರು, ಐನೂರರ ನೋಟನ್ನು ಎರಡು ಮಡಿಕೆ ಮಾಡಿ ಹಿಡಿದುಕೊಂಡು.